ಪ್ಲೇನ್ ಸಿಟಿಯೋ, ಡೈ ಹಾಕಿದ ಸಿಟಿಯೋ?

ಹುಬ್ಬಳ್ಳಿಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಸಿಟಿ ಸ್ಕ್ಯಾನ್ ಟೆಕ್ನಿಷಿಯನ್ ಆಗಿ ನನಗೆ 14 ವರ್ಷ ಆಯಿತು. ದಿನಕ್ಕೆ ಒಬ್ಬರಾದರೂ ಕೌಂಟರಿನ ಮುಂದೆ ನಿಂತು ಇದೇ ಮಾತು ಹೇಳುತ್ತಾರೆ: "ಡೈ ಹಾಕೂದು ಬ್ಯಾಡ್ರಿ ಸರ, ಪ್ಲೇನ್ ಮಾಡಿಬಿಡ್ರಿ. ರೊಕ್ಕಾನೂ ಉಳಿತಾವು, ಕಿಡ್ನಿನೂ ಉಳಿತಾವು." ರೋಣ, ಶಿಗ್ಗಾವಿ, ಬ್ಯಾಡಗಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಿರುತ್ತಾರೆ. ಒಂದು ಕೈಯಲ್ಲಿ ಡಾಕ್ಟರ ಚೀಟಿ, ಇನ್ನೊಂದು ಕೈಯಲ್ಲಿ ಡೈಯಿಂದ ಕಿಡ್ನಿ ಕೆಡುತ್ತದೆ ಎಂದು ಯಾರೋ ಕಳಿಸಿದ ವಾಟ್ಸಾಪ್ ಮೆಸೇಜು.

ಅವರ ಹೆದರಿಕೆ ಸುಳ್ಳಲ್ಲ. ಆದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎನ್ನುವುದು ಅದಲು ಬದಲಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ, ಡೈ ಎಂದರೆ ಸಿಟಿ ಸ್ಕ್ಯಾನಿನಲ್ಲಿ ರಕ್ತನಾಳಕ್ಕೆ ಬಿಡುವ ಕಾಂಟ್ರಾಸ್ಟ್ ಔಷಧ; ಅದಿಲ್ಲದೆ ಮಾಡುವುದು ಪ್ಲೇನ್. ಡೈ ಅಂತ ಕರೆದರೂ ಅದರಲ್ಲಿ ಬಣ್ಣ ಇಲ್ಲ. ನೀರಿನಂತೆ ತಿಳಿ, ಮುಟ್ಟಿದರೆ ಸ್ವಲ್ಪ ಅಂಟು. ಒಳಗಿರುವುದು ಅಯೋಡಿನ್. ಅಯೋಡಿನ್ ಎಕ್ಸ್‌ರೇಯನ್ನು ಚೆನ್ನಾಗಿ ತಡೆಯುತ್ತದೆ, ಹಾಗಾಗಿ ಅದು ಹೋದ ಕಡೆಯೆಲ್ಲ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಬಾಟಲಿಯ ಮೇಲೆ 300, 350, 370 ಎಂದು ಬರೆದಿರುವುದು ಒಂದು ಮಿ.ಲೀ.ನಲ್ಲಿ ಎಷ್ಟು ಮಿಲಿಗ್ರಾಂ ಅಯೋಡಿನ್ ಇದೆ ಎನ್ನುವ ಲೆಕ್ಕ. ದೊಡ್ಡವರ ಹೊಟ್ಟೆಯ ಸ್ಕ್ಯಾನಿಗೆ ಸಾಮಾನ್ಯವಾಗಿ 80ರಿಂದ 100 ಮಿ.ಲೀ. ಬೇಕು. ಹೋಟೆಲಿನ ಒಂದು ಸಣ್ಣ ಲೋಟ ಚಹಾದಷ್ಟು.

ಪ್ಲೇನ್ ಎಲ್ಲಿ ಸಾಕು?

ಕಲ್ಲು, ಎಲುಬು, ಗಾಳಿ, ಆಗಷ್ಟೇ ಸುರಿದ ರಕ್ತ. ಇವು ಸಿಟಿಗೆ ತಾವಾಗಿಯೇ ಕಾಣುತ್ತವೆ.

ನಮ್ಮ ಕಡೆ ಕಿಡ್ನಿ ಹರಳಿನ ಕೇಸು ಜಾಸ್ತಿ. ಅದಕ್ಕೆ ಪ್ಲೇನ್ ಸಿಟಿಯೇ ಸರಿ. ಡೈ ಹಾಕಿದರೆ ಕೆಲಸ ಕೆಡಬಹುದು ಕೂಡ, ಯಾಕೆಂದರೆ ಹರಳೂ ಬಿಳಿ, ಮೂತ್ರದಲ್ಲಿ ಇಳಿದು ಬರುವ ಡೈ ಕೂಡ ಬಿಳಿ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದರೆ ಪ್ಲೇನ್. ಲಕ್ವ ಹೊಡೆದರೆ ಮೊದಲ ಸ್ಕ್ಯಾನ್ ಪ್ಲೇನ್, ಒಳಗೆ ರಕ್ತ ಸುರಿದಿದೆಯೋ ಇಲ್ಲವೋ ಎಂದು ನೋಡಲು. ಸೈನಸ್, ಎಲುಬು ಮುರಿತ, ಪುಪ್ಪುಸವನ್ನು ತೆಳು ಪದರಗಳಲ್ಲಿ ನೋಡುವ ಎಚ್‌ಆರ್‌ಸಿಟಿ, ಇವೂ ಹಾಗೆಯೇ. ಇಂಥ ಚೀಟಿ ಹಿಡಿದುಕೊಂಡು ಬಂದವರಿಗೆ ಡೈ ಬಗ್ಗೆ ಯೋಚಿಸುವ ಕೆಲಸವೇ ಇಲ್ಲ.

ಡೈ ಎಲ್ಲಿ ಬೇಕೇ ಬೇಕು?

ಲಿವರ್, ಅದರೊಳಗಿನ ಗಡ್ಡೆ, ಅದರ ಪಕ್ಕದ ರಕ್ತನಾಳ. ಪ್ಲೇನ್ ಸಿಟಿಯಲ್ಲಿ ಇವೆಲ್ಲ ಹೆಚ್ಚು ಕಡಿಮೆ ಒಂದೇ ಬೂದು ಬಣ್ಣ. ಜೋಳದ ರಾಶಿಯಲ್ಲಿ ಜೋಳದ ಬಣ್ಣದ್ದೇ ಕಲ್ಲು ಹುಡುಕಿದ ಹಾಗೆ. ಡೈ ಹೋದಾಗ ರಕ್ತ ಜಾಸ್ತಿ ಹರಿಯುವ ಜಾಗ ಬೆಳಗುತ್ತದೆ, ಕೀವು ತುಂಬಿದ ಜಾಗ ಕಪ್ಪಾಗೇ ಉಳಿಯುತ್ತದೆ.

ಇದರಲ್ಲಿ ಸಮಯವೇ ಮುಖ್ಯ. ಲಿವರಿನ ಗಡ್ಡೆಗೆ ನಾವು ಒಂದೇ ಸಲ ಚಿತ್ರ ತೆಗೆಯುವುದಿಲ್ಲ. ಡೈ ಬಿಟ್ಟು ಸುಮಾರು 35 ಸೆಕೆಂಡಿಗೆ ಒಂದು, 70 ಸೆಕೆಂಡಿಗೆ ಇನ್ನೊಂದು, ಮೂರು ನಿಮಿಷದ ನಂತರ ಮತ್ತೊಂದು. ಲಿವರಿನಲ್ಲೇ ಹುಟ್ಟಿದ ಕ್ಯಾನ್ಸರ್ ಆದರೆ ಬಹಳ ಸಲ ಮೊದಲ ಚಿತ್ರದಲ್ಲಿ ಥಟ್ಟನೆ ಬೆಳಗಿ, ಆಮೇಲೆ ಸುತ್ತಲಿನ ಲಿವರಿಗಿಂತ ಮಂಕಾಗುತ್ತದೆ. ಏನೂ ತೊಂದರೆ ಕೊಡದ ರಕ್ತನಾಳದ ಗಂಟಾದರೆ ಅಂಚಿನಿಂದ ನಿಧಾನವಾಗಿ ತುಂಬಿಕೊಳ್ಳುತ್ತದೆ. ಒಂದೇ ಗಾತ್ರದ ಎರಡು ಗಡ್ಡೆ, ಹಣೆಬರಹ ಮಾತ್ರ ಬೇರೆ ಬೇರೆ. ಪ್ಲೇನ್ ಚಿತ್ರದಲ್ಲಿ ಈ ವ್ಯತ್ಯಾಸ ಹೇಳಲು ಆಗುವುದಿಲ್ಲ.

ಕ್ಯಾನ್ಸರ್ ಎಲ್ಲೆಲ್ಲಿ ಹಬ್ಬಿದೆ ಎಂದು ನೋಡುವುದು, ಹೊಟ್ಟೆಯ ಸೋಂಕು, ಮೇದೋಜೀರಕದ ಊತ, ಪುಪ್ಪುಸದ ರಕ್ತನಾಳದಲ್ಲಿ ಹೆಪ್ಪು, ಹೃದಯದ ಸಿಟಿ ಆಂಜಿಯೋ, ಇವೆಲ್ಲ ಡೈ ಗುಂಪಿಗೆ ಸೇರಿದವು. ಆಂಜಿಯೋ ಅಂತೂ ಡೈ ಇಲ್ಲದೆ ಆಗುವುದೇ ಇಲ್ಲ. ಅಲ್ಲಿ ನೋಡಬೇಕಾದ್ದೇ ರಕ್ತನಾಳದ ಒಳಗನ್ನು.

ಗದಗ ಕಡೆಯ ಹಿರಿಯರೊಬ್ಬರು ಲಿವರಿನ ಗಡ್ಡೆಗೆ ಪ್ಲೇನೇ ಬೇಕೆಂದು ಹಟ ಹಿಡಿದು, ಬೇರೆ ಕಡೆ ಮಾಡಿಸಿಕೊಂಡು ಬಂದರು. ರಿಪೋರ್ಟಿನ ಕೊನೆ ಸಾಲು: ಕಾಂಟ್ರಾಸ್ಟ್ ಸಿಟಿ ಮಾಡಿಸಬೇಕು. ವಾರ ಬಿಟ್ಟು ನಮ್ಮಲ್ಲಿಗೆ ಬಂದರು. ಎರಡು ಸಲ ರೊಕ್ಕ, ಎರಡು ಸಲ ವಿಕಿರಣ, ಎರಡು ಸಲ ಬಸ್ ಚಾರ್ಜು. ಚೀಟಿಯಲ್ಲಿ ಬರೆದದ್ದು ಸುಮ್ನೆ ಬರೆದಿದ್ದಾರೆ ಅನ್ನಿಸಿದರೆ ನಮ್ಮ ಕೌಂಟರಿನಲ್ಲಿ ಚೌಕಾಶಿ ಮಾಡಬೇಡಿ. ಬರೆದ ಡಾಕ್ಟರನ್ನೇ ಕೇಳಿ: "ಡೈ ಇಲ್ಲದ ನಿಮಗ ಬೇಕಾದ್ದು ಕಾಣತೈತೇನ್ರಿ?"

ಬಾಟಲಿ ಯಾವುದು?

ಡೈಗಳಲ್ಲಿ ಮೂರು ತಲೆಮಾರು ಎನ್ನಬಹುದು. ಹಳೆಯದು ಡಯಾಟ್ರಿಜೋಯೇಟ್‌ನಂಥ ಅಯಾನಿಕ್ ಔಷಧ, ಅಂದರೆ ನೀರಿನಲ್ಲಿ ಅಯಾನ್ ಎಂಬ ವಿದ್ಯುತ್ ಕಣಗಳಾಗಿ ಒಡೆಯುವುದು. ಯುರೋಗ್ರಾಫಿನ್ ಹೆಸರು ಹಳಬರಿಗೆ ನೆನಪಿರಬಹುದು. ನಂತರ ಬಂದದ್ದು ನಾನ್-ಅಯಾನಿಕ್: ಅಯೋಹೆಕ್ಸಾಲ್, ಅಯೋಪಮಿಡಾಲ್, ಅಯೋಪ್ರೊಮೈಡ್. ಅಂಗಡಿ ಹೆಸರಿನಲ್ಲಿ ಓಮ್ನಿಪೇಕ್, ಅಲ್ಟ್ರಾವಿಸ್ಟ್ ಇತ್ಯಾದಿ. ಮೂರನೆಯದು ಅಯೋಡಿಕ್ಸನಾಲ್, ವಿಸಿಪೇಕ್ ಎಂಬ ಹೆಸರಿನಲ್ಲಿ ಬರುವುದು.

ಇವುಗಳ ನಡುವಿನ ದೊಡ್ಡ ವ್ಯತ್ಯಾಸ ಸಾಂದ್ರತೆಯದು, ಅಂದರೆ ಆಸ್ಮೊಲಾಲಿಟಿ. ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿ ಇಟ್ಟರೆ ನೀರು ಬಿಟ್ಟುಕೊಳ್ಳುತ್ತದೆ ಅಲ್ವಾ, ರಕ್ತಕ್ಕಿಂತ ಬಹಳ ಗಡುಸಾದ ದ್ರವ ನರದೊಳಗೆ (ರಕ್ತನಾಳದೊಳಗೆ) ಹೋದಾಗಲೂ ಅದೇ ರೀತಿ ಸುತ್ತಲಿನ ಜೀವಕೋಶದಿಂದ ನೀರು ಎಳೆಯುತ್ತದೆ. ನಮ್ಮ ರಕ್ತದ ಲೆಕ್ಕ ಸುಮಾರು 290. ಹಳೆಯ ಅಯಾನಿಕ್ ಔಷಧ ಅದರ ಐದಾರು ಪಟ್ಟು. ಅಯೋಹೆಕ್ಸಾಲ್ 300 ಆದರೆ 672, ಅದರದೇ 350 ಬಾಟಲಿ 844. ಅಯೋಡಿಕ್ಸನಾಲ್ ಮಾತ್ರ 290, ರಕ್ತಕ್ಕೆ ಸರಿಸಮ. "ಲೋ ಆಸ್ಮೊಲಾರ್" (ಕಡಿಮೆ ಸಾಂದ್ರತೆಯದು) ಎಂದು ಹೆಸರಿಟ್ಟುಕೊಂಡ ಅಯೋಹೆಕ್ಸಾಲ್‌ನಂಥದ್ದೂ ರಕ್ತದ ಎರಡು ಮೂರು ಪಟ್ಟು ಗಡುಸೇ. ಹೆಸರು ಇಟ್ಟವರು ಹಳೆಯದಕ್ಕೆ ಹೋಲಿಸಿ ಇಟ್ಟರು.

1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಟಾರ್ಸ್ಟೆನ್ ಆಲ್ಮೆನ್ ಎಂಬ ವೈದ್ಯರು ಡೈಯನ್ನು ಅಯಾನ್ ಆಗಿ ಒಡೆಯದ ಹಾಗೆ ಮಾಡಿದರೆ ನೋವು, ಉರಿ ಕಡಿಮೆಯಾಗಬಹುದು ಎಂದು ಯೋಚಿಸಿದರು. ಇವತ್ತಿನ ಬಾಟಲಿಗಳೆಲ್ಲ ಆ ಯೋಚನೆಯ ಮೊಮ್ಮಕ್ಕಳು. ಅದರಿಂದ ಏನು ಲಾಭವಾಯಿತು ಎನ್ನುವುದಕ್ಕೆ 1990ರಲ್ಲಿ ಪ್ರಕಟವಾದ ಜಪಾನಿನ ದೊಡ್ಡ ಅಧ್ಯಯನ ಇದೆ. 3,37,647 ಜನರ ಲೆಕ್ಕ. ಅಯಾನಿಕ್ ಡೈ ತೆಗೆದುಕೊಂಡವರಲ್ಲಿ ನೂರಕ್ಕೆ 12.66 ಮಂದಿಗೆ ಏನಾದರೊಂದು ತೊಂದರೆ, ನಾನ್-ಅಯಾನಿಕ್‌ನಲ್ಲಿ 3.13. ತೀವ್ರವಾದದ್ದು 0.22ರಿಂದ 0.04ಕ್ಕೆ ಇಳಿಯಿತು. ಅಂದರೆ ಹತ್ತು ಸಾವಿರ ಜನರಲ್ಲಿ 22 ಇದ್ದದ್ದು 4.

ಹಾಗಾದರೆ ಆಯ್ಕೆ ಹೇಗೆ? ನರಕ್ಕೆ ಕೊಡುವ ಡೈ ನಾನ್-ಅಯಾನಿಕ್ ಆಗಿರಲಿ. ಇದೊಂದನ್ನು ಕೇಳುವುದರಲ್ಲಿ ನಾಚಿಕೆ ಬೇಡ, ಬಾಟಲಿ ತೋರಿಸಿ ಎಂದರೂ ತಪ್ಪಿಲ್ಲ. ಅದರೊಳಗೆ ಅಯೋಹೆಕ್ಸಾಲೋ ಅಯೋಪ್ರೊಮೈಡೋ ಎನ್ನುವುದು ಮೊದಲ ಸಲ ಮಾಡಿಸಿಕೊಳ್ಳುವವರಿಗೆ ದೊಡ್ಡ ವಿಷಯವಲ್ಲ. ಅಯೋಡಿಕ್ಸನಾಲ್‌ನಲ್ಲಿ ಮೈ ಬಿಸಿಯಾಗುವುದು ಕಡಿಮೆ, ನಿಜ. ಆದರೆ ಅದು ಮಂದ, ಬೆಚ್ಚಗೆ ಮಾಡಿ ಬಿಡಬೇಕು. ಒಂದೆರಡು ದಿನದ ನಂತರ ಬರುವ ಚರ್ಮದ ಗುಳ್ಳೆಗಳು ಅದರಲ್ಲಿ ತುಸು ಜಾಸ್ತಿ. ನರಕ್ಕೆ ಕೊಡುವ ಸಿಟಿಯಲ್ಲಿ ಕಿಡ್ನಿಗೆ ಅದೇ ಒಳ್ಳೆಯದು ಎಂಬ ಮಾತು ಗಟ್ಟಿಯಾಗಿ ನಿಂತಿಲ್ಲ. ಬರೀ ದುಬಾರಿ ಎಂಬ ಕಾರಣಕ್ಕೆ ಅದನ್ನು ಹಟ ಹಿಡಿದು ಕೇಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಕುಡಿಯುವ ಡೈ

ಹೊಟ್ಟೆಯ ಸಿಟಿಗೆ ಕೆಲವೊಮ್ಮೆ ಕುಡಿಯಲೂ ಕೊಡುತ್ತಾರೆ. ಕರುಳು ಉಬ್ಬಿ, ಗೋಡೆ ಸ್ಪಷ್ಟವಾಗಿ ಕಾಣಲಿ ಎಂದು. ಬರೀ ನೀರು ಕೊಡಬಹುದು, ನೀರಿಗೆ ಸ್ವಲ್ಪ ಅಯೋಡಿನ್ ಡೈ ಬೆರೆಸಬಹುದು, ಮ್ಯಾನಿಟಾಲ್ ಕೊಡಬಹುದು. ಅಯೋಡಿನ್ ಬೆರೆಸಿದ್ದು ಕಹಿ. ಮ್ಯಾನಿಟಾಲ್ ಸಿಹಿ, ಆದರೆ ಸಿಹಿಯೆಂದು ನಂಬಬೇಡಿ: ಲೀಟರಿಗೂ ಮೇಲೆ ಕುಡಿದ ನಂತರ ಭೇದಿ ಆಗುತ್ತದೆ. ಸ್ಕ್ಯಾನ್ ಮುಗಿದ ತಕ್ಷಣ ಊರಿನ ಬಸ್ಸು ಹತ್ತಿದವರು ನರಗುಂದ ಮುಟ್ಟುವುದರೊಳಗೆ ನಮ್ಮನ್ನು ಎಷ್ಟು ಬೈದುಕೊಂಡಿರುತ್ತಾರೋ! ಒಂದೆರಡು ತಾಸು ಹುಬ್ಬಳ್ಳಿಯಲ್ಲೇ ಕೂತು ಹೋಗಿ.

ಒಳಗೆ ಏನಾಗುತ್ತದೆ?

ಕೈಗೆ ಸೂಜಿ ಹಾಕುವಾಗ ಅದರ ಬಣ್ಣ ನೋಡಿ. ಗುಲಾಬಿ ಅಥವಾ ಹಸಿರು ಕ್ಯಾನುಲಾ ಇದ್ದರೆ ಡೈ ವೇಗವಾಗಿ ಬಿಡಲು ಅನುಕೂಲ. ಆಂಜಿಯೋದಲ್ಲಿ ಯಂತ್ರ ಒಂದು ಸೆಕೆಂಡಿಗೆ 4-5 ಮಿ.ಲೀ. ತಳ್ಳುತ್ತದೆ. ವಾರ್ಡಿನಲ್ಲಿ ಎರಡು ದಿನದ ಹಿಂದೆ ಹಾಕಿದ ನೀಲಿ ಸೂಜಿ ತೋರಿಸಿ "ಇದರಾಗ ಬಿಡ್ರಿ, ಮತ್ತ ಚುಚ್ಚಬ್ಯಾಡ್ರಿ" ಎನ್ನುವವರು ಬಹಳ. ಸಣ್ಣ ನರದ ಹಳೆ ಸೂಜಿಯಲ್ಲಿ ರಭಸವಾಗಿ ಬಿಟ್ಟರೆ ಡೈ ನರದ ಹೊರಗೆ ಸೋರಿ ಕೈ ಊದುತ್ತದೆ. ಆದ್ದರಿಂದ ಇನ್ನೊಂದು ಸಲ ಚುಚ್ಚಿಸಿಕೊಳ್ಳಿ. ಡೈ ಹೋಗುವಾಗ ಸೂಜಿಯ ಜಾಗದಲ್ಲಿ ಉರಿ, ನೋವು ಬಂದರೆ ಕೂಡಲೇ ಕೂಗಿ ಹೇಳಿ. ಕೋಣೆಯಲ್ಲಿ ನೀವೊಬ್ಬರೇ ಇದ್ದರೂ ಮೈಕಿನಲ್ಲಿ ನಮಗೆ ಕೇಳಿಸುತ್ತದೆ.

ಮೈಯೆಲ್ಲ ಬಿಸಿ, ಬಾಯಲ್ಲಿ ಕಬ್ಬಿಣದ ರುಚಿ, ಮೂತ್ರ ಹೋಯಿತೇನೋ ಎಂಬ ಭಾವನೆ. ಈ ಮೂರೂ ಬಹಳ ಜನರಿಗೆ ಆಗುತ್ತವೆ, ಒಂದೆರಡು ನಿಮಿಷದಲ್ಲಿ ಹೋಗುತ್ತವೆ. ಇವು ಅಲರ್ಜಿ ಅಲ್ಲ. ಮೊದಲೇ ಹೇಳದೆ ಬಿಟ್ಟರೆ ಎಂಥವರೂ ಗಾಬರಿ ಬೀಳುತ್ತಾರೆ. ಒಬ್ಬ ಅಜ್ಜಿ ಸ್ಕ್ಯಾನ್ ಮುಗಿದ ಮೇಲೂ ಟೇಬಲ್ಲಿನಿಂದ ಇಳಿಯಲು ಒಲ್ಲೆ ಎಂದರು. ಸೀರೆ ಒದ್ದೆಯಾಗಿದೆ ಎಂದೇ ತಿಳಿದಿದ್ದರು. ಒಣಗಿಯೇ ಇತ್ತು. ಅವತ್ತಿನಿಂದ ಈ ಮಾತನ್ನು ನಾನು ಎಲ್ಲರಿಗೂ ಮೊದಲೇ ಹೇಳುತ್ತೇನೆ.

ವಾಕರಿಕೆ, ಒಂದು ಸಲ ವಾಂತಿ, ಅಲ್ಲಲ್ಲಿ ಪಿತ್ತದ ಗಂಧೆ, ಕೆರೆತ. ಇವು ಸಣ್ಣವು. ಹೆದರಬೇಕಾದ್ದು ಉಸಿರು ಕಟ್ಟುವುದು, ಗಂಟಲು ಬಿಗಿಯುವುದು, ಮುಖ ಊದುವುದು, ತಲೆ ಸುತ್ತಿ ಬಿಪಿ ಬೀಳುವುದಕ್ಕೆ. ತೀವ್ರವಾದವು ಹೆಚ್ಚಾಗಿ ಮೊದಲ 20 ನಿಮಿಷದಲ್ಲೇ ಬರುತ್ತವೆ. ಅದಕ್ಕೇ ಅರ್ಧ ತಾಸು ಕೂರಿಸುವುದು, ಸೂಜಿ ತೆಗೆಯದೆ ಬಿಡುವುದು. ಆ ಹೊತ್ತಿನ ಮುಖ್ಯ ಔಷಧ ತೊಡೆಗೆ ಕೊಡುವ ಅಡ್ರಿನಲಿನ್. ಸೆಂಟರ್ ಆರಿಸುವಾಗ ದರಪಟ್ಟಿಗಿಂತ ಮೊದಲು ನಾನಾದರೆ ಇದನ್ನು ಕೇಳುತ್ತೇನೆ: ಡೈ ಕೊಡುವಾಗ ಡಾಕ್ಟರು ಒಳಗಿರುತ್ತಾರೋ? ಆಕ್ಸಿಜನ್, ಅಡ್ರಿನಲಿನ್ ಕೈಗೆ ಸಿಗುವ ಹಾಗೆ ಇವೆಯೋ?

ಟೆಸ್ಟ್ ಡೋಸ್ ಎಂಬ ಸಮಾಧಾನ

"ಮೊದಲು ಚೂರು ಕೊಟ್ಟು ನೋಡ್ರಿ" ಎಂದು ಕೇಳುವವರು ಇನ್ನೂ ಇದ್ದಾರೆ. ಒಂದು ಮಿ.ಲೀ. ಕೊಟ್ಟು ಏನೂ ಆಗದಿದ್ದರೂ ಪೂರ್ತಿ ಕೊಟ್ಟಾಗ ಆಗಬಹುದು. ಆ ಒಂದು ಮಿ.ಲೀ.ಗೇ ದೊಡ್ಡ ರಿಯಾಕ್ಷನ್ ಆಗಲೂಬಹುದು. ಹಾಗಾಗಿ ಅದರಿಂದ ಮುಂದಿನದು ಗೊತ್ತಾಗುವುದಿಲ್ಲ, ಮನಸ್ಸಿಗೆ ಮಾತ್ರ ಸಮಾಧಾನ.

ಮೀನು, ಸಿಗಡಿ ತಿಂದರೆ ಆಗದವರಿಗೆ ಡೈ ಕೊಡಬಾರದು ಎನ್ನುವುದೂ ಇದೇ ಜಾತಿಯ ನಂಬಿಕೆ. ಸಿಗಡಿಯ ಅಲರ್ಜಿ ಬರುವುದು ಅದರ ಪ್ರೋಟೀನಿನಿಂದ, ಅಯೋಡಿನ್‌ನಿಂದಲ್ಲ. ಗಾಯಕ್ಕೆ ಹಚ್ಚುವ ಅಯೋಡಿನ್ ಔಷಧಿಯಿಂದ ತುರಿಕೆ ಬಂದಿತ್ತು ಎನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಾವು ನಿಜವಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಹಿಂದೆ ಡೈ ಹಾಕಿಸಿಕೊಂಡಾಗ ಏನಾದರೂ ಆಗಿತ್ತೋ? ಆಮೇಲೆ ಅಸ್ತಮಾ, ಬೇರೆ ದೊಡ್ಡ ಅಲರ್ಜಿಗಳು. ಬಿಪಿಗೆ ಬೀಟಾ ಬ್ಲಾಕರ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ರಿಯಾಕ್ಷನ್ ಆದಾಗ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದೆ ಹೋಗಬಹುದು.

ಹಿಂದೆ ಅಲರ್ಜಿ ಆಗಿದ್ದರೆ ದಾರಿ ಮುಚ್ಚಿದೆ ಎಂದಲ್ಲ. ಒಂದು, ಬೇರೆ ಡೈ ಬಳಸುವುದು. ಎರಡು, ಮೊದಲೇ ಸ್ಟೀರಾಯ್ಡ್ ಕೊಡುವುದು. ಬಹಳ ಕಡೆ ನಡೆಯುವ ಪದ್ಧತಿ ಎಂದರೆ ಸ್ಕ್ಯಾನಿಗೆ 13, 7 ಮತ್ತು 1 ತಾಸು ಮೊದಲು 50 ಮಿ.ಗ್ರಾಂ. ಪ್ರೆಡ್ನಿಸೊಲೋನ್, ಕೊನೆಯದರ ಜೊತೆ ಅಲರ್ಜಿ ಔಷಧ. ಸ್ಟೀರಾಯ್ಡ್‌ಗಿಂತ ಡೈ ಬದಲಿಸುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬ ಅಭಿಪ್ರಾಯ ಇತ್ತೀಚೆಗೆ ಬಲವಾಗಿದೆ. ಇದೆಲ್ಲ ಡಾಕ್ಟರು ನಿರ್ಧರಿಸುವ ವಿಷಯ, ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗುವ ವಿಷಯ ಅಲ್ಲ. ಉಸಿರು ಕಟ್ಟುವಷ್ಟು ಆಗಿದ್ದವರಿಗೆ ಮೊದಲ ಯೋಚನೆಯೇ ಬೇರೆ ಪರೀಕ್ಷೆ.

ಕಿಡ್ನಿ, ಸಕ್ಕರೆ, ಮತ್ತು ನೀರು

ಈಗ ವಾಟ್ಸಾಪ್ ಮೆಸೇಜಿನ ಮುಖ್ಯ ಮಾತಿಗೆ ಬರೋಣ. ಡೈ ಹೊರಗೆ ಹೋಗುವುದು ಕಿಡ್ನಿಯಿಂದಲೇ. ಕಿಡ್ನಿ ಚೆನ್ನಾಗಿದ್ದರೆ ಎರಡು ತಾಸಿಗೆ ಅರ್ಧದಷ್ಟು, ಒಂದು ದಿನದಲ್ಲಿ ಹೆಚ್ಚು ಕಡಿಮೆ ಎಲ್ಲವೂ ಮೂತ್ರದಲ್ಲಿ ಹೋಗಿರುತ್ತದೆ. ಡೈಯಿಂದ ಕಿಡ್ನಿ ಕೆಡುತ್ತದೆ ಎಂಬ ಹೆದರಿಕೆ ಮೊದಲು ಬೆಳೆದಷ್ಟು ದೊಡ್ಡದಲ್ಲ ಎಂದು 2020ರಲ್ಲಿ ಅಮೆರಿಕದ ರೇಡಿಯಾಲಜಿ ಕಾಲೇಜು ಮತ್ತು ನ್ಯಾಷನಲ್ ಕಿಡ್ನಿ ಫೌಂಡೇಶನ್ ಸೇರಿ ಹೇಳಿದವು. ಆಸ್ಪತ್ರೆಯಲ್ಲಿ ಇರುವವರ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ) ಬೇರೆ ಕಾರಣಕ್ಕೂ ಏರುತ್ತದೆ, ಅಪವಾದ ಮಾತ್ರ ಡೈಗೆ ಬರುತ್ತದೆ.

ನಿಜವಾಗಿ ಜೋಪಾನ ಬೇಕಾದ್ದು ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) 30ಕ್ಕಿಂತ ಕೆಳಗೆ ಇರುವವರಿಗೆ, ಕಿಡ್ನಿ ಈಗಷ್ಟೇ ಏಕಾಏಕಿ ಕೆಟ್ಟವರಿಗೆ. ಅದಕ್ಕೇ ಕ್ರಿಯಾಟಿನಿನ್ ರಿಪೋರ್ಟ್ ಕೇಳುತ್ತೇವೆ. ಬರೀ ಕ್ರಿಯಾಟಿನಿನ್ ಸಂಖ್ಯೆ ನೋಡಿ ನೆಮ್ಮದಿ ಪಡಬೇಡಿ. ಗದ್ದೆಯಲ್ಲಿ ದುಡಿಯುವ ಗಟ್ಟಿ ಹುಡುಗನ 1.2 ಬೇರೆ, 75ರ ಸಣಕಲು ಅಜ್ಜಿಯ 1.2 ಬೇರೆ. ಅಜ್ಜಿಯ ಕಿಡ್ನಿ ಅರ್ಧ ದಣಿದಿರುತ್ತದೆ. ವಯಸ್ಸು, ಗಂಡೋ ಹೆಣ್ಣೋ ಸೇರಿಸಿ ಲೆಕ್ಕ ಹಾಕಿದ್ದೇ ಇಜಿಎಫ್‌ಆರ್.

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ತಾವಾಗಿಯೇ ಮೂರು ದಿನ ಮೊದಲು ಗುಳಿಗೆ ಬಿಟ್ಟು, ಸಕ್ಕರೆ 400 ಮಾಡಿಕೊಂಡು ಬಂದದ್ದನ್ನು ನೋಡಿದ್ದೇನೆ. ಮೆಟ್‌ಫಾರ್ಮಿನ್‌ಗೂ ಡೈಗೂ ನೇರ ಜಗಳ ಇಲ್ಲ. ಕಿಡ್ನಿ ಕೈಕೊಟ್ಟರೆ ಆ ಗುಳಿಗೆ ಮೈಯಲ್ಲಿ ಉಳಿದು ತೊಂದರೆ ಕೊಡುತ್ತದೆ, ಅಷ್ಟೆ. ಕಿಡ್ನಿ ಸರಿ ಇದ್ದರೆ ಬಿಡುವ ಅಗತ್ಯವಿಲ್ಲ. ಇಜಿಎಫ್‌ಆರ್ 30ಕ್ಕಿಂತ ಕಡಿಮೆ ಇದ್ದರೆ ಸ್ಕ್ಯಾನಿನ ಹೊತ್ತಿಗೆ ನಿಲ್ಲಿಸಿ, 48 ತಾಸಿನ ನಂತರ ಕಿಡ್ನಿ ಮತ್ತೆ ನೋಡಿಕೊಂಡು ಶುರು ಮಾಡುತ್ತಾರೆ.

ಹಸಿದ ಹೊಟ್ಟೆಯ ವಿಷಯದಲ್ಲಿ ನನಗೆ ಸಿಟ್ಟೇ ಬರುತ್ತದೆ. ನಾಲ್ಕು ತಾಸು ಊಟ ಬೇಡ ಎಂದರೆ ಹಿಂದಿನ ರಾತ್ರಿಯಿಂದ ನೀರೂ ಮುಟ್ಟದೆ, ಬಿಪಿ ಗುಳಿಗೆಯೂ ನುಂಗದೆ, ಏಪ್ರಿಲ್ ಬಿಸಿಲಿನಲ್ಲಿ ಚಿಗರಿ ಬಸ್ಸಿನಿಂದ ಇಳಿದು ನಡೆದುಕೊಂಡು ಬರುತ್ತಾರೆ. ಡೈಗಿಂತ ಆ ಒಣಗಿದ ಮೈಯೇ ಕಿಡ್ನಿಗೆ ಹೊರೆ. ನಿಮ್ಮ ಡಾಕ್ಟರು ಬೇಡ ಎನ್ನದಿದ್ದರೆ ನೀರು ಕುಡಿಯುತ್ತಾ ಬನ್ನಿ. ಮುಗಿದ ಮೇಲೂ ಕುಡಿಯಿರಿ. ಹೃದಯ ಸೋತವರಿಗೆ, ಡಯಾಲಿಸಿಸ್ ಮೇಲಿರುವವರಿಗೆ ಮಾತ್ರ ನೀರಿನ ಲೆಕ್ಕ ಬೇರೆ.

ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದ್ದರೆ, ರೇಡಿಯೋ ಅಯೋಡಿನ್ ಚಿಕಿತ್ಸೆ ಮುಂದಿದ್ದರೆ, ಬಸುರಿ ಇದ್ದರೆ ಮೊದಲೇ ಹೇಳಿ. ಹಾಲುಣಿಸುವ ತಾಯಿ ಒಂದು ದಿನ ಹಾಲು ಹಿಂಡಿ ಚೆಲ್ಲಬೇಕಿಲ್ಲ. ಹಾಲಿಗೆ ಸೇರುವುದು ಕೊಟ್ಟ ಡೈಯಲ್ಲಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ, ಮಗುವಿನ ಕರುಳು ಹೀರಿಕೊಳ್ಳುವುದು ಅದರಲ್ಲೂ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ.

ಬೇರೆ ಪರೀಕ್ಷೆ ಆಗುತ್ತದೆಯೇ?

ಪಿತ್ತಕೋಶದ ಹರಳು, ಗರ್ಭಕೋಶ, ಮಕ್ಕಳ ಹೊಟ್ಟೆನೋವು, ಇವಕ್ಕೆ ಸೋನೋಗ್ರಫಿಯೇ ಮೊದಲು. ಡೈ ಇಲ್ಲ, ವಿಕಿರಣವೂ ಇಲ್ಲ. ಎಂಆರ್‌ಐನಲ್ಲಿ ಬಳಸುವುದು ಗ್ಯಾಡೊಲಿನಿಯಂ, ಅದು ಬೇರೆಯೇ ಔಷಧ. ಅಯೋಡಿನ್ ಡೈ ಆಗದವರಿಗೆ ಅದನ್ನು ಕೊಡಬಹುದು, ಅಲರ್ಜಿ ಆಗುವುದೂ ಅದರಲ್ಲಿ ಕಡಿಮೆ. ಆದರೆ ಕಿಡ್ನಿ ಪೂರ್ತಿ ಸೋತವರಲ್ಲಿ ಗ್ಯಾಡೊಲಿನಿಯಂನ ಕೆಲವು ಹಳೆ ಬಗೆಗಳು ಚರ್ಮ ಗಟ್ಟಿಯಾಗುವ ಕಾಯಿಲೆ ತಂದಿವೆ. "ಕಿಡ್ನಿ ಸರಿ ಇಲ್ಲ, ಅದಕ್ಕ ಎಂಆರ್‌ಐ" ಎಂದು ಕಣ್ಣುಮುಚ್ಚಿ ಹೇಳಲಾಗದು. ಅಲ್ಲದೆ ತುರ್ತಿನಲ್ಲಿ ಉಸಿರು ಹಿಡಿಯಲಾಗದವರನ್ನು ಅರ್ಧ ತಾಸು ಎಂಆರ್‌ಐ ಕೊಳವೆಯಲ್ಲಿ ಮಲಗಿಸುವುದು ಕಷ್ಟ. ಸಿಟಿ ನಿಮಿಷಗಳಲ್ಲಿ ಮುಗಿಯುತ್ತದೆ. ಪುಪ್ಪುಸದ ಹೆಪ್ಪು, ಒಡೆದ ಕರುಳು, ಅಪಘಾತದ ಹೊಟ್ಟೆ ಎಂದರೆ ಕಿಡ್ನಿ ಸ್ವಲ್ಪ ಕೆಟ್ಟಿದ್ದರೂ ಡಾಕ್ಟರು ಡೈ ಸಿಟಿಯೇ ಬರೆಯುವುದು ಅದಕ್ಕೆ.

ಕಿಮ್ಸ್ ಆಸ್ಪತ್ರೆಯದೋ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯದೋ ಹಳೆಯ ಸ್ಕ್ಯಾನ್ ಇದ್ದರೆ ತನ್ನಿ. ರಿಪೋರ್ಟ್ ಅಷ್ಟೇ ಅಲ್ಲ, ಫಿಲ್ಮು ಅಥವಾ ಸಿಡಿ. ಗಡ್ಡೆ ಎರಡು ವರ್ಷದಿಂದ ಅಷ್ಟೇ ಇದೆ ಎಂದು ಗೊತ್ತಾದರೆ ಕೆಲವೊಮ್ಮೆ ಡೈ ಸುದ್ದಿಯೇ ಬೇಡವಾಗುತ್ತದೆ.

ಮನೆಗೆ ಹೋದ ಮೇಲೆ

ಒಂದು ತಾಸಿನಿಂದ ಒಂದು ವಾರದೊಳಗೆ ಮೈಮೇಲೆ ಕೆಂಪು ಗುಳ್ಳೆ, ತುರಿಕೆ ಬರಬಹುದು. ಹೆಚ್ಚಿನವು ತಾವಾಗಿ ಇಳಿಯುತ್ತವೆ. ಬಾಯಿ ಹುಣ್ಣಾದರೆ, ಚರ್ಮ ಸುಲಿದರೆ, ಜ್ವರ ಸೇರಿಕೊಂಡರೆ ಕಾಯಬೇಡಿ. ಅಪರೂಪಕ್ಕೆ ಗಲ್ಲದ ಕೆಳಗಿನ ಜೊಲ್ಲಿನ ಗ್ರಂಥಿ ಮಂಗನಬಾವಿನಂತೆ ಊದುವುದೂ ಉಂಟು, ಕೆಲವು ದಿನಕ್ಕೆ ಇಳಿಯುತ್ತದೆ.

ಹಾವೇರಿಯ ಅಕ್ಕೊಬ್ಬರಿಗೆ ಹೀಗೆ ಗುಳ್ಳೆ ಎದ್ದು, ಫೈಲಿನ ಮೇಲೆ ಯಾರೋ ಕೆಂಪು ಪೆನ್ನಿನಲ್ಲಿ "ಡೈ ಅಲರ್ಜಿ" ಎಂದಷ್ಟೇ ಬರೆದುಕೊಟ್ಟಿದ್ದರು. ಮುಂದಿನ ಸಲ ನಮ್ಮಲ್ಲಿಗೆ ಬಂದಾಗ ಯಾವ ಡೈ, ಎಷ್ಟು, ಎಷ್ಟು ಹೊತ್ತಿನ ನಂತರ ಏನಾಯಿತು ಎಂದು ಅವರಿಗೂ ಗೊತ್ತಿಲ್ಲ, ಫೈಲಿನಲ್ಲೂ ಇಲ್ಲ. ಯಾವುದನ್ನು ಬಿಟ್ಟು ಯಾವುದನ್ನು ಕೊಡುವುದು? ನಿಮಗೆ ಹಾಗಾದರೆ ಸೆಂಟರಿಗೆ ಫೋನ್ ಮಾಡಿ ಬಾಟಲಿಯ ಹೆಸರು, ಸಂಖ್ಯೆ ಕೇಳಿ ಹೀಗೆ ಬರೆದಿಟ್ಟುಕೊಳ್ಳಿ: "ಅಯೋಹೆಕ್ಸಾಲ್ 350, 90 ಮಿ.ಲೀ., ಮರುದಿನ ಬೆಳಗ್ಗೆ ಎದೆ ಬೆನ್ನ ಮೇಲೆ ಗುಳ್ಳೆ, ಉಸಿರಿನ ತೊಂದರೆ ಇಲ್ಲ." ಫೋಟೋ ತೆಗೆದು ಮಕ್ಕಳ ಮೊಬೈಲಿನಲ್ಲೂ ಇಡಿ.